ಪುಟ ತೆರೆದಿಟ್ಟುಕೊಂಡು ಕೇಳಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಲೇಖಕರನ್ನು ಕೂರಿಸಿಕೊಂಡು ಅವರ ಬರವಣಿಗೆಯ ಕಸುಬಿನ ಬಗ್ಗೆ ಮಾತಾಡಿಸುವುದು ಹೇಗೆ, ಆ ಮಾತನ್ನು ಅಚ್ಚಿಗೆ ತರುವುದು ಹೇಗೆ? ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ನಮ್ಮ ಕಾಲೇಜಿನ ಓದುಗರ ಬಳಗಕ್ಕೆ ಒಬ್ಬ ಕತೆಗಾರರು ಬರಲು ಒಪ್ಪಿದ್ದಾರೆ. ಒಂದು ಗಂಟೆಯ ಮಾತುಕತೆ. ನಾವು 22 ಪ್ರಶ್ನೆ ಬರೆದುಕೊಂಡಿದ್ದೇವೆ. ‘ಬರೆಯಲು ನಿಮಗೆ ಪ್ರೇರಣೆ ಏನು’, ‘ಪಾತ್ರಗಳನ್ನು ಹೇಗೆ ಸೃಷ್ಟಿಸುತ್ತೀರಿ’, ‘ಯುವ ಬರಹಗಾರರಿಗೆ ನಿಮ್ಮ ಸಲಹೆ ಏನು’, ಹೀಗೆ. ನಮ್ಮ ಮೇಷ್ಟ್ರು ನೋಡಿ ‘ಎಲ್ಲ ಸಪ್ಪೆ’ ಅಂದರು. ಏನು ಬದಲಿಸಬೇಕು?
– ಪದವಿ ವಿದ್ಯಾರ್ಥಿನಿ, ಶಿರಸಿ

ಮೇಷ್ಟ್ರು ಹೇಳಿದ್ದು ಸರಿ. ಈ ಮೂರು ಪ್ರಶ್ನೆಗಳನ್ನು ಪುಸ್ತಕ ಓದದೆಯೇ ಕೇಳಬಹುದು, ಸಪ್ಪೆಯಾಗಿರುವುದು ಅದಕ್ಕೇ. ಯಾವ ಲೇಖಕರಿಗೆ ಬೇಕಾದರೂ ಕೇಳಬಹುದಾದ ಪ್ರಶ್ನೆಗೆ ಯಾವ ಲೇಖಕರಾದರೂ ಕೊಡಬಹುದಾದ ಉತ್ತರವೇ ಬರುತ್ತದೆ. ಪ್ರೇರಣೆಯ ಪ್ರಶ್ನೆಗೆ ಅಜ್ಜಿ ಹೇಳಿದ ಕತೆ, ಊರಿನ ಯಕ್ಷಗಾನ, ಶಾಲೆಯ ಕನ್ನಡ ಮೇಷ್ಟ್ರು ಎಂದು ಹೇಳಿ ಹೇಳಿ ಅವರಿಗೂ ಬಾಯಿಪಾಠವಾಗಿರುತ್ತದೆ. ಅದರಲ್ಲಿ ಸುಳ್ಳೇನಿಲ್ಲ, ಹೊಸದೂ ಏನಿಲ್ಲ.

ಪ್ರಶ್ನೆ ಪುಟದಿಂದ ಹುಟ್ಟಬೇಕು. ಅವರ ಇತ್ತೀಚಿನ ಸಂಕಲನವನ್ನು ಎರಡು ಸಲ ಓದಿ. ಮೊದಲ ಸಲ ಸುಮ್ಮನೆ ಓದುಗರಾಗಿ, ಎರಡನೇ ಸಲ ಪೆನ್ಸಿಲ್ ಹಿಡಿದು. ಜೊತೆಗೆ ಅವರ ಮೊದಲ ಪುಸ್ತಕವನ್ನು ಒಂದು ಸಲ. ಎರಡನೇ ಓದಿನಲ್ಲಿ ‘ಇಲ್ಲಿ ಬೇರೆ ಥರವೂ ಬರೆಯಬಹುದಿತ್ತಲ್ಲ’ ಅನ್ನಿಸಿದ ಕಡೆಯೆಲ್ಲ ಗೆರೆ ಎಳೆದು ಪುಟಸಂಖ್ಯೆ ಬರೆದುಕೊಳ್ಳಿ. ಆ ಜಾಗಗಳಲ್ಲಿ ಲೇಖಕರು ಏನೋ ಒಂದನ್ನು ಆರಿಸಿಕೊಂಡಿದ್ದಾರೆ, ಇನ್ನೊಂದನ್ನು ಬಿಟ್ಟಿದ್ದಾರೆ. ನಿಮ್ಮ ಪ್ರಶ್ನೆಗಳು ಅಲ್ಲೇ ಇವೆ.

ಉದಾಹರಣೆಗೆ ‘ಪಾತ್ರಗಳನ್ನು ಹೇಗೆ ಸೃಷ್ಟಿಸುತ್ತೀರಿ’ ಎಂಬುದರ ಬದಲು ಹೀಗೆ ಕೇಳಬಹುದು: ‘ಈ ಕತೆಯಲ್ಲಿ ಅತ್ತೆಗೆ ಒಂಬತ್ತು ಪುಟ ಹೆಸರೇ ಇಲ್ಲ. ಹತ್ತನೇ ಪುಟದಲ್ಲಿ ಪೋಸ್ಟ್‌ಮ್ಯಾನ್ ಬಂದು ಹೆಸರು ಹಿಡಿದು ಕೂಗುತ್ತಾನೆ. ಮೊದಲ ಕರಡಿನಲ್ಲೂ ಹೀಗೇ ಇತ್ತಾ?’ ಇದಕ್ಕೆ ಬಾಯಿಪಾಠದ ಉತ್ತರ ಇರುವುದಿಲ್ಲ. ಅವರು ಒಂದು ಕ್ಷಣ ಸುಮ್ಮನಾಗಿ, ನೆನಪು ಮಾಡಿಕೊಂಡು, ಆಮೇಲೆ ಮಾತಾಡುತ್ತಾರೆ. ಆ ಮೌನ ಕಂಡರೆ ಪ್ರಶ್ನೆ ತಾಗಿದೆ ಎಂದೇ ತಿಳಿಯಿರಿ.

ಕನ್ನಡದಲ್ಲಿ ಬರೆಯುವವರನ್ನು ಕೇಳುವಾಗ ಕನ್ನಡಕ್ಕೇ ಸೇರಿದ ಕೆಲವು ಗಂಟುಗಳಿವೆ. ಇಂಗ್ಲಿಷ್ ಸಂದರ್ಶನಗಳನ್ನು ಓದಿ ಪ್ರಶ್ನೆ ತಯಾರಿಸುವವರಿಗೆ ಇವು ಕಣ್ಣಿಗೆ ಬೀಳುವುದೇ ಇಲ್ಲ.

ಒಂದು, ‘ಅವಳು’ ಮತ್ತು ‘ಅವರು’. ಮೂರನೇ ವ್ಯಕ್ತಿಯಲ್ಲಿ ಕತೆ ಹೇಳುವಾಗ ಪಾತ್ರದ ತಾಯಿಯನ್ನು ‘ಬಂದಳು’ ಅನ್ನಬೇಕೋ ‘ಬಂದರು’ ಅನ್ನಬೇಕೋ ಎಂದು ಮೊದಲ ವಾಕ್ಯದಲ್ಲೇ ತೀರ್ಮಾನವಾಗಬೇಕು. ಆ ಒಂದು ಪ್ರತ್ಯಯದಿಂದ ನಿರೂಪಕ ಮನೆಯ ಒಳಗಿನವನೋ ಹೊರಗಿನವನೋ ಗೊತ್ತಾಗಿಬಿಡುತ್ತದೆ. ಮೇಷ್ಟ್ರಿಗೆ ‘ಬಂದರು’, ಆಳಿಗೆ ‘ಬಂದ’ ಎಂದು ಬರೆದರೆ ನಿರೂಪಕನ ತಾರತಮ್ಯವೂ ಬಯಲಾಗುತ್ತದೆ. ಕತೆಯ ನಡುವೆ ‘ಅವರು’ ಇದ್ದದ್ದು ‘ಅವನು’ ಆಗಿದ್ದರೆ ತಪ್ಪದೆ ಕೇಳಿ. ಒಂದೋ ಅದು ಬಹಳ ಯೋಚಿಸಿ ಮಾಡಿದ್ದು, ಇಲ್ಲವೇ ಕರಡು ತಿದ್ದುವಾಗ ತಪ್ಪಿಸಿಕೊಂಡದ್ದು. ಎರಡನೆಯದಾದರೂ ಮಾತು ಚೆನ್ನಾಗಿ ಬೆಳೆಯುತ್ತದೆ.

ಎರಡು, ‘ನಾನು’. ನಮ್ಮಲ್ಲಿ ಉತ್ತಮ ಪುರುಷದ ಕ್ರಿಯಾಪದಕ್ಕೆ ಲಿಂಗವಿಲ್ಲ. ‘ಬಂದೆ, ಕೂತೆ, ಅತ್ತೆ’ ಎಂದವರು ಗಂಡೋ ಹೆಣ್ಣೋ ಎಂದು ಪುಟಗಟ್ಟಲೆ ಮುಚ್ಚಿಡಬಹುದು. ಹಿಂದಿಯಲ್ಲಿ ಇದು ಕಷ್ಟ. ಲೇಖಕರು ಈ ಅವಕಾಶ ಬಳಸಿಕೊಂಡಿದ್ದರೆ ಅದನ್ನು ಎಲ್ಲಿ, ಯಾವ ಪದದಿಂದ ಬಿಚ್ಚಿದರು ಎಂದು ನೋಡಿಟ್ಟುಕೊಳ್ಳಿ.

ಮೂರು, ‘ಹೋದನಂತೆ’ಯ ‘ಅಂತೆ’. ನಿರೂಪಕ ಕಣ್ಣಾರೆ ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವೆ ಗೆರೆ ಎಳೆಯುವ ಪುಟ್ಟ ಪ್ರತ್ಯಯ ಇದು. ಹಾಗೆಯೇ ‘ಎಂದಳು’ ಮತ್ತು ‘ಅಂದಳು’. ನಿರೂಪಣೆ ಶಿಷ್ಟ ಕನ್ನಡದಲ್ಲಿದ್ದು ಸಂಭಾಷಣೆ ಮಾತ್ರ ಊರ ಕನ್ನಡದಲ್ಲಿದ್ದರೆ, ಇವೆರಡರ ನಡುವಿನ ಹೊಸ್ತಿಲಲ್ಲಿ ನಿಂತಿರುವುದು ಈ ಪದವೇ. ಅದರ ಬಗ್ಗೆ ಪ್ರತಿಯೊಬ್ಬ ಕತೆಗಾರರಿಗೂ ಒಂದು ಅಭಿಪ್ರಾಯ ಇರುತ್ತದೆ, ಯಾರೂ ಕೇಳಿರುವುದಿಲ್ಲ ಅಷ್ಟೆ.

ಇನ್ನು ಲೆಕ್ಕ. ಒಂದು ಗಂಟೆಗೆ 22 ಪ್ರಶ್ನೆ ಅಂದರೆ ಒಂದಕ್ಕೆ ಮೂರು ನಿಮಿಷವೂ ಸಿಗುವುದಿಲ್ಲ. ಹತ್ತು ಪ್ರಶ್ನೆ ತಯಾರು ಮಾಡಿ, ಆರು ಕೇಳಲು ಸಿಕ್ಕರೆ ಸಂತೋಷಪಡಿ. ಸಭಿಕರಿಗೆ ಕೊನೆಯ 15 ನಿಮಿಷ ಬಿಡಿ. ಮೊದಲ ಪ್ರಶ್ನೆ ಸಣ್ಣದು, ಸಲೀಸಾದದ್ದು ಇರಲಿ: ಈ ಕತೆ ಬರೆದು ಮುಗಿಸಲು ಎಷ್ಟು ದಿನ ಹಿಡಿಯಿತು, ಕೈಬರಹವೋ ಕಂಪ್ಯೂಟರೋ. ವಿವಾದದ ಪ್ರಶ್ನೆ ಇದ್ದರೆ ಮುಕ್ಕಾಲು ಭಾಗ ಕಳೆದ ಮೇಲೆ ಕೇಳಿ, ಕಟ್ಟಕಡೆಗೆ ಬೇಡ. ಕಡೆಯಲ್ಲಿ ಕೇಳಿದರೆ ಉತ್ತರವನ್ನು ಬೆಳೆಸಲು ಹೊತ್ತಿರುವುದಿಲ್ಲ, ಕಹಿ ಮಾತ್ರ ಉಳಿಯುತ್ತದೆ.

ಎರಡು ಪ್ರಶ್ನೆಯನ್ನು ಒಂದೇ ಉಸಿರಿನಲ್ಲಿ ಕೇಳಬೇಡಿ. ಅವರು ಸುಲಭದ್ದಕ್ಕೆ ಉತ್ತರಿಸಿ, ಕಷ್ಟದ್ದನ್ನು ಜಾರಿಸಿಬಿಡುತ್ತಾರೆ. ನಾಲ್ಕು ನಿಮಿಷ ಪೀಠಿಕೆ ಹಾಕಿ ‘ಇದರ ಬಗ್ಗೆ ಏನು ಹೇಳ್ತೀರಿ ಸರ್’ ಅನ್ನುವುದೂ ಬೇಡ. ಅದು ಪ್ರಶ್ನೆಯಲ್ಲ, ಭಾಷಣ.

ಸಂದರ್ಶನ ಮಾಡಿದ ಕವಯಿತ್ರಿಯೊಬ್ಬರು ಪ್ರತಿ ಪ್ರಶ್ನೆಗೂ ‘ಅದು ಹಾಗೇ ಬಂತು, ಬರೆದೆ’ ಅನ್ನುತ್ತಿದ್ದರು. ಮುಂದೆ ಹೇಗೆ ಕೇಳುವುದು?
– ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ, ಮಂಡ್ಯ ಜಿಲ್ಲೆ

‘ಹಾಗೇ ಬಂತು’ ಎಂಬುದು ಸುಳ್ಳಲ್ಲ. ಮೊದಲ ಸಾಲು ಬಹಳ ಸಲ ಹಾಗೇ ಬರುತ್ತದೆ. ಬಂದದ್ದನ್ನು ಆಮೇಲೆ ಏನು ಮಾಡಿದರು ಎನ್ನುವುದು ಬೇರೆ ಮಾತು. ‘ಏಕೆ’ ಎಂಬ ಪ್ರಶ್ನೆ ಬಿಟ್ಟು ‘ಯಾವಾಗ, ಎಲ್ಲಿ, ಎಷ್ಟು’ ಹಿಡಿಯಿರಿ. ಬಂದ ಸಾಲು ಯಾವುದು, ಅದು ಈಗ ಪದ್ಯದ ಎಷ್ಟನೇ ಸಾಲಾಗಿದೆ, ಅದರ ಹಿಂದಿನ ಸಾಲುಗಳು ಆಮೇಲೆ ಬಂದವೇ, ಯಾವ ಪದ ತೆಗೆದು ಯಾವ ಪದ ಹಾಕಿದಿರಿ, ಗಟ್ಟಿಯಾಗಿ ಓದಿ ನೋಡುತ್ತೀರಾ, ಮೊದಲು ಯಾರಿಗೆ ತೋರಿಸುತ್ತೀರಿ, ಅವರು ಬೇಡ ಅಂದದ್ದನ್ನು ಉಳಿಸಿಕೊಂಡದ್ದುಂಟೇ?

ಇದಕ್ಕಿಂತ ಒಳ್ಳೆಯ ಉಪಾಯ ಎಂದರೆ ಕರಡು ತರಿಸಿಕೊಳ್ಳುವುದು. ಹೊಡೆದುಹಾಕಿದ ಗೆರೆಗಳಿರುವ ಒಂದೇ ಒಂದು ಹಾಳೆ ಮೇಜಿನ ಮೇಲಿದ್ದರೆ, ಮಾತಾಡದವರೂ ಮಾತಾಡುತ್ತಾರೆ. ‘ಈ ಪದ ಯಾಕೆ ಹೊಡೆದಿರಿ’ ಎಂದು ಬೆರಳಿಟ್ಟು ಕೇಳಬಹುದಲ್ಲ. ಈಗ ನೇರ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಬರೆಯುವವರೇ ಹೆಚ್ಚು. ಅವರಿಗೆ ‘ಕರಡು ಇಲ್ಲವಲ್ಲ’ ಅನ್ನಿಸುತ್ತದೆ. ಇರುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ಹಳೆಯ ಆವೃತ್ತಿಗಳು ಅದರಲ್ಲೇ ಉಳಿದಿರುತ್ತವೆ. ಗೆಳೆಯರಿಗೆ ವಾಟ್ಸ್‌ಆಪ್‌ನಲ್ಲಿ ಕಳಿಸಿದ ಮೊದಲ ರೂಪ ಸಿಗುತ್ತದೆ. ಪತ್ರಿಕೆಯಲ್ಲಿ ಬಂದ ಪಾಠವನ್ನೂ ಸಂಕಲನದಲ್ಲಿ ಬಂದ ಪಾಠವನ್ನೂ ಪಕ್ಕದಲ್ಲಿಟ್ಟರೆ ಅದೂ ಒಂದು ಕರಡೇ. ಇದಕ್ಕೆ ಲೇಖಕರನ್ನು ಕೇಳುವುದೂ ಬೇಕಿಲ್ಲ. ನಿಮ್ಮ ಗ್ರಂಥಾಲಯದಲ್ಲಿ ಹಳೆಯ ವಿಶೇಷಾಂಕಗಳನ್ನು ರದ್ದಿಗೆ ಹಾಕಿಲ್ಲ ತಾನೆ?

ಹಿರಿಯ ಕಾದಂಬರಿಕಾರರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮನೆಗೆ ಬಂದು ಕೇಳಿದರೆ ಅರ್ಧ ಫ್ಯಾನ್ ಸದ್ದು, ಅರ್ಧ ಮಾತು. 40 ನಿಮಿಷಕ್ಕೆ ನಿಂತೂ ಹೋಗಿದೆ. ಮುಂದಿನ ಸಲ ಏನು ಮಾಡಬೇಕು?
– ಪ್ರೌಢಶಾಲಾ ಶಿಕ್ಷಕ, ಕೊಪ್ಪಳ

ನಿಂತದ್ದು ಬಹುಶಃ ಕರೆ ಬಂದಿದ್ದರಿಂದ, ಇಲ್ಲವೇ ಜಾಗ ಸಾಲದೆ. ಶುರು ಮಾಡುವ ಮುಂಚೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಸಾಮಾನ್ಯ ಗುಣಮಟ್ಟದ ಸಂಕುಚಿತ ಕಡತಕ್ಕೆ ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂ.ಬಿ. ಬೇಕು, ಅಂದರೆ ಗಂಟೆಗೆ 60 ಎಂ.ಬಿ. ಸಿ.ಡಿ. ಗುಣಮಟ್ಟದ ವೇವ್ ಕಡತ ಆರಿಸಿದರೆ ಒಂದೇ ಮೈಕಿಗೂ ಗಂಟೆಗೆ 300 ಎಂ.ಬಿ. ದಾಟುತ್ತದೆ. ಮಾತಿಗೆ ಮೊದಲನೆಯದು ಸಾಕು. ಇಬ್ಬರ ಫೋನಿನಲ್ಲೂ ಒಟ್ಟಿಗೆ ರೆಕಾರ್ಡ್ ಆಗಲಿ. ಒಂದು ಕೈಕೊಟ್ಟರೆ ಇನ್ನೊಂದಿರುತ್ತದೆ.

ಫ್ಯಾನಿನದು ದೂರದ ಸಮಸ್ಯೆ. ಫೋನು ಟೀಪಾಯಿಯ ಮೇಲಿದ್ದರೆ ಅದಕ್ಕೆ ಬಾಯಿಯೂ ಫ್ಯಾನೂ ಒಂದೇ ಸಮ. ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕು ಬಾಯಿಂದ ಒಂದು ಗೇಣು ಕೆಳಗಿದ್ದರೆ ಫ್ಯಾನು ಹಿಂದೆ ಸರಿಯುತ್ತದೆ. ರೇಷ್ಮೆ ಸೀರೆಯ ಸೆರಗಿಗೆ, ಗಂಜಿ ಹಾಕಿದ ಖಾದಿ ಜುಬ್ಬಕ್ಕೆ ಸಿಕ್ಕಿಸಿದರೆ ಮಾತ್ರ ಬಟ್ಟೆಯ ಸರಸರ ಸದ್ದೇ ಹೆಚ್ಚು, ಎಚ್ಚರ. ಮೈಕು ಇಲ್ಲವೇ? ಫೋನಿನ ಕೆಳತುದಿ ಅವರ ಕಡೆ ಇರಲಿ, ಅಡಿಯಲ್ಲಿ ಮಡಿಸಿದ ಟವೆಲ್ ಇಡಿ, ಲೋಟ ಇಟ್ಟ ಸದ್ದು ಬಡಿಯುವುದಿಲ್ಲ. ಪುಸ್ತಕದ ಕಪಾಟಿರುವ, ಪರದೆ ಇರುವ ಕೋಣೆ ಒಳ್ಳೆಯದು. ಖಾಲಿ ಹಜಾರದಲ್ಲಿ ದನಿ ಮೊಳಗುತ್ತದೆ. ಅಡುಗೆಮನೆಯ ಪಕ್ಕ ಕೂರಬೇಡಿ. ಕುಕ್ಕರಿನ ಸೀಟಿ ಯಾವಾಗಲೂ ಮುಖ್ಯವಾದ ವಾಕ್ಯದ ಮೇಲೇ ಬೀಳುತ್ತದೆ.

ಮೊದಲ ಅರ್ಧ ನಿಮಿಷ ರೆಕಾರ್ಡ್ ಮಾಡಿ, ಅಲ್ಲೇ ಕಿವಿಗಿಟ್ಟು ಕೇಳಿ ನೋಡಿ. ತಾರೀಕು, ಸ್ಥಳ, ಯಾರೊಡನೆ ಮಾತು, ರೆಕಾರ್ಡ್ ಮಾಡಲು ಅವರ ಒಪ್ಪಿಗೆ, ಇಷ್ಟೂ ಅದರಲ್ಲೇ ಬರಲಿ. ಜೊತೆಗೆ ಒಂದು ನೋಟ್‌ಬುಕ್ ಇರಲೇಬೇಕು. ಅದರಲ್ಲಿ ಮಾತನ್ನು ಬರೆದುಕೊಳ್ಳಬೇಡಿ, ಹೆಸರುಗಳನ್ನು ಬರೆದುಕೊಳ್ಳಿ: ಊರು, ವ್ಯಕ್ತಿ, ಪತ್ರಿಕೆ, ಇಸವಿ. ಆಮೇಲೆ ತೊಂದರೆ ಕೊಡುವುದು ಅವೇ.

ಒಂದು ಗಂಟೆಯ ಮಾತನ್ನು ಬರಹಕ್ಕೆ ಇಳಿಸಲು ಎಷ್ಟು ಹೊತ್ತು ಬೇಕು? ಫೋನೇ ಟೈಪ್ ಮಾಡಿಕೊಡುತ್ತದಂತಲ್ಲ?
– ಹವ್ಯಾಸಿ ಪತ್ರಕರ್ತ, ತುಮಕೂರು

ಕೈಯಾರೆ ಟೈಪ್ ಮಾಡಿದರೆ ಅಭ್ಯಾಸ ಇದ್ದವರಿಗೆ ನಾಲ್ಕು ಗಂಟೆ, ಇಲ್ಲದವರಿಗೆ ಆರು. ಧ್ವನಿಯಿಂದ ಟೈಪ್ ಮಾಡುವ ಸೌಲಭ್ಯ ಕನ್ನಡಕ್ಕೂ ಇದೆ. ನಿಧಾನಕ್ಕೆ ಶಿಷ್ಟ ಕನ್ನಡ ಮಾತಾಡಿದರೆ ಕೆಲಸಕ್ಕೆ ಬರುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿದಾಗ, ಊರ ಕನ್ನಡ ಬಂದಾಗ, ಹೆಸರುಗಳು ಬಂದಾಗ ಎಡವುತ್ತದೆ. ಅದು ಎಡವಿದ್ದು ತಿಳಿಯುವುದೂ ಕಷ್ಟ, ಏಕೆಂದರೆ ಕೇಳಿಸದ ಕಡೆ ಖಾಲಿ ಬಿಡದೆ ಹೊಂದುವ ಬೇರೆ ಪದ ಹಾಕಿಬಿಟ್ಟಿರುತ್ತದೆ. ಹಾಗಾಗಿ ಅದನ್ನು ಬಳಸಿದರೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಒಂದು ಸಲ ಕೇಳಿ ತಿದ್ದುವುದು ತಪ್ಪುವುದಿಲ್ಲ.

ಇನ್ನೊಂದು ಮಾತು: ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿ ಯೂನಿಕೋಡ್‌ಗೆ ಬದಲಿಸುವುದಾದರೆ ಅರ್ಕಾವೊತ್ತು ಇರುವ ಪದಗಳನ್ನೂ ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಮತ್ತೆ ನೋಡಿ. ಇಂಗ್ಲಿಷ್ ಅಕ್ಷರಗಳೂ ಕನ್ನಡವೆಂದೇ ಬದಲಾಗಿ ಅರ್ಥವಿಲ್ಲದ ಗುಪ್ಪೆಯಾಗಿರುತ್ತವೆ.

ನಾನು ಮಾತಾಡಿಸಿದ ಲೇಖಕರು ಅಪ್ಪಟ ಧಾರವಾಡ ಕಡೆಯ ಕನ್ನಡ ಮಾತಾಡುತ್ತಾರೆ. ಹಾಗೇ ಬರೆಯಲೋ, ಪುಸ್ತಕದ ಕನ್ನಡಕ್ಕೆ ತಿರುಗಿಸಲೋ? ಗೆಳೆಯರಲ್ಲಿ ಎರಡು ಪಕ್ಷವಾಗಿದೆ.
– ಬ್ಯಾಂಕ್ ಉದ್ಯೋಗಿ, ಮೈಸೂರು

ಎರಡೂ ಪಕ್ಷ ಸೇರಿ ಒಂದು ಉದಾಹರಣೆ ನೋಡಿ. ಇದು ನಾವೇ ಕಟ್ಟಿದ್ದು, ಆದರೆ ಟೇಪಿನಿಂದ ಇಳಿಸಿದ ಮಾತು ಹೆಚ್ಚುಕಡಿಮೆ ಹೀಗೇ ಇರುತ್ತದೆ:

‘ಅದು… ಏನಂದ್ರ, ಮೊದ್ಲು ನಾ ಅವ್ವನ ಬಾಯಿಂದನ ಕತಿ ಹೇಳಿಸ್ಬೇಕು ಅಂತ ಮಾಡಿದ್ದೆ. ಹಾಂ. ಮಾಡಿದ್ದೆ ಅಂದ್ರ ಬರದೂ ಬಿಟ್ಟಿದ್ದೆ, ಒಂದು ಹದ್ನೈದು ಪುಟ. ಆಮ್ಯಾಲ ನೋಡ್ತೀನಿ, ಏನಾಗೇತಿ ಅಂದ್ರ, ಅಕಿಗೆ ಗೊತ್ತಿರ್ಲಾರ್ದ್ದು ಎಲ್ಲಾ ಅಕೀನ ಹೇಳಾಕತ್ತಾಳ! ಅಂದ್ರ… ಮಗ ಹುಬ್ಬಳ್ಯಾಗ ಏನ್ ಮಾಡ್ತಾನ ಅಕಿಗ್ಹೆಂಗ್ ಗೊತ್ತಾಗ್ಬೇಕು? ಹಿಂಗಾಗಿ ಅದನ್ ಬಿಟ್ಟೆ. ಮತ್ತ ಮೊದ್ಲಿಂದ ಬರದೆ.’

ಪುಸ್ತಕದ ಕನ್ನಡದ ಪಕ್ಷದವರು ಇದನ್ನು ಹೀಗೆ ಮಾಡುತ್ತಾರೆ: ‘ಆರಂಭದಲ್ಲಿ ತಾಯಿಯ ದೃಷ್ಟಿಕೋನದಿಂದ ಕಥನವನ್ನು ನಿರೂಪಿಸುವ ಯೋಜನೆಯಿತ್ತು. ಆದರೆ ನಿರೂಪಕಿಯ ಅರಿವಿನ ಮಿತಿಯಿಂದಾಗಿ ಅದನ್ನು ಕೈಬಿಡಬೇಕಾಯಿತು.’ ಅರ್ಥ ಉಳಿದಿದೆ, ಮನುಷ್ಯ ಹೋಗಿದ್ದಾನೆ. ಕಸುಬಿನ ಮಾತೂ ಹೋಗಿದೆ. ಹದಿನೈದು ಪುಟ ಬರೆದು ಬಿಟ್ಟದ್ದು, ತಪ್ಪು ಕಂಡಾಗಿನ ಬೆರಗು, ‘ಮಗ ಹುಬ್ಬಳ್ಳಿಯಲ್ಲಿ ಏನು ಮಾಡ್ತಾನೆ’ ಎಂಬ ಖಚಿತ ತೊಡಕು, ಒಬ್ಬ ಹೊಸ ಬರಹಗಾರನಿಗೆ ಪ್ರಯೋಜನವಾಗುವುದು ಇವು. ‘ಅರಿವಿನ ಮಿತಿ’ ಇಟ್ಟುಕೊಂಡು ಅವನು ಏನು ಮಾಡಬೇಕು?

ನಾವು ಸೂಚಿಸುವುದು ಹೀಗೆ:

‘ಮೊದಲು ಅವ್ವನ ಬಾಯಿಂದನ ಕತಿ ಹೇಳಿಸಬೇಕು ಅಂತ ಮಾಡಿದ್ದೆ. ಹದಿನೈದು ಪುಟ ಬರೆದೂ ಬಿಟ್ಟಿದ್ದೆ. ಆಮ್ಯಾಲ ನೋಡಿದರ, ಅಕಿಗೆ ಗೊತ್ತಿರಲಾರದ್ದನ್ನೆಲ್ಲ ಅಕೀನ ಹೇಳಾಕತ್ತಾಳ! ಮಗ ಹುಬ್ಬಳ್ಳಿಯೊಳಗ ಏನು ಮಾಡ್ತಾನ ಅಂತ ಅಕಿಗೆ ಹೆಂಗ ಗೊತ್ತಾಗಬೇಕು? ಅದನ್ನ ಬಿಟ್ಟು ಮತ್ತ ಮೊದಲಿಂದ ಬರೆದೆ.’

ತೆಗೆದದ್ದು ‘ಏನಂದ್ರ’, ‘ಹಾಂ’, ‘ಅಂದ್ರ’ಗಳನ್ನು ಮತ್ತು ಒಂದೇ ಮಾತು ಎರಡು ಸಲ ಬಂದದ್ದನ್ನು. ಉಳಿಸಿಕೊಂಡದ್ದು ‘ಅವ್ವ’, ‘ಅಕಿ’, ‘ಹೇಳಾಕತ್ತಾಳ’, ಕ್ರಿಯಾಪದದ ಕೊನೆಯ ಅಕಾರ, ಪ್ರಶ್ನೆಯ ಓಟ. ನುಂಗಿಹೋದ ಸ್ವರಗಳನ್ನು ಮಾತ್ರ ತುಂಬಿದ್ದೇವೆ. ‘ಹೇಳಿಸ್ಬೇಕು’ ಎಂಬ ಥರದ ಉಚ್ಚಾರ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರ ಬಾಯಲ್ಲೂ ಇದೆ. ಅದನ್ನು ಒಬ್ಬರ ಮಾತಿಗೆ ಮಾತ್ರ ಹಾಗೇ ಬರೆದು, ಪ್ರಶ್ನೆ ಕೇಳಿದ ನಿಮ್ಮ ಮಾತನ್ನು ‘ಹೇಳಿಸಬೇಕು’ ಎಂದು ಶುದ್ಧ ಮಾಡಿಕೊಂಡರೆ ಅದು ಅನ್ಯಾಯ. ನೀವೂ ಮೈಸೂರಿನ ಕಡೆ ‘ಓಯ್ತಾ ಇದ್ರಿ’ ಎಂದೇ ಕೇಳಿರುತ್ತೀರಲ್ಲ. ಅವರ ಮಾತು ಊರ ಕನ್ನಡದಲ್ಲಿದ್ದರೆ ನಿಮ್ಮ ಪ್ರಶ್ನೆಯೂ ಆಡುಮಾತಿನಲ್ಲೇ ಇರಲಿ.

‘ಬರದೆ’ಯನ್ನು ‘ಬರೆದೆ’ ಎಂದು ಮಾಡಿದ್ದಕ್ಕೆ ಬೇರೆ ಕಾರಣವಿದೆ. ಟೇಪಿನಲ್ಲಿ ‘ಬರದೆ’ ಅಂದರೆ ಬರೆದೆ ಎಂದೇ ಕೇಳಿಸುತ್ತದೆ. ಅಚ್ಚಿನಲ್ಲಿ ಅದು ‘ಬಾರದೆ’ ಎಂದೂ ಓದಿಸಿಕೊಳ್ಳುತ್ತದೆ. ಒಬ್ಬ ಲೇಖಕರ ಸಂದರ್ಶನದಲ್ಲಿ ಬರೆಯುವುದೂ ಬಾರದಿರುವುದೂ ಕಲಸಿಹೋದರೆ ಹೇಗೆ! ಇಂಥ ಕಡೆ ಉಚ್ಚಾರ ಬಿಟ್ಟು ಅರ್ಥ ಹಿಡಿಯಿರಿ.

ಬೇರೆ ಊರಿನ ಓದುಗರಿಗೆ ತಿಳಿಯದ ಪದ ಬಂದರೆ ಅಡಿಟಿಪ್ಪಣಿ ಬೇಡ. ಮುಂದಿನ ಪ್ರಶ್ನೆಯಲ್ಲಿ ನೀವೇ ಅದರ ಅರ್ಥ ಬರುವ ಹಾಗೆ ಕೇಳಿದರೆ ಆಯಿತು. ಎಲ್ಲಕ್ಕಿಂತ ಮುಂಚೆ ಲೇಖಕರನ್ನು ಕೇಳಿ. ಊರ ಮಾತಿನಲ್ಲೇ ಇರಲಿ ಅನ್ನುವವರಿದ್ದಾರೆ. ಕತೆಯಲ್ಲಿ ಪಾತ್ರಕ್ಕೆ ಅದು ಸರಿ, ನನ್ನ ಅಭಿಪ್ರಾಯ ಶಿಷ್ಟದಲ್ಲಿರಲಿ ಅನ್ನುವವರೂ ಇದ್ದಾರೆ.

ಪ್ರಕಟಣೆಗೆ ಮುಂಚೆ ಒಮ್ಮೆ ನೋಡಲಿ ಎಂದು ಸಂದರ್ಶನ ಕಳಿಸಿದೆ. ಲೇಖಕರು ಪೂರ್ತಿ ತಿದ್ದಿ, ಆಡಿದ ಮಾತನ್ನೆಲ್ಲ ಪ್ರಬಂಧ ಮಾಡಿ ಕಳಿಸಿದ್ದಾರೆ. ಇನ್ನು ಮೇಲೆ ತೋರಿಸಲೇಬಾರದೇ?
– ಸಾಹಿತ್ಯ ಸಂಘದ ಕಾರ್ಯದರ್ಶಿ, ಉಡುಪಿ ಜಿಲ್ಲೆ

ತೋರಿಸಿ. ಪ್ಯಾರಿಸ್‌ನಲ್ಲಿ 1953ರಲ್ಲಿ ಶುರುವಾದ ‘ದಿ ಪ್ಯಾರಿಸ್ ರಿವ್ಯೂ’ ಪತ್ರಿಕೆ ಕಸುಬಿನ ಬಗೆಗಿನ ಸಂದರ್ಶನಗಳಿಗೇ ಹೆಸರಾದದ್ದು. ಮೊದಲ ಸಂಚಿಕೆಯಲ್ಲಿ ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಅವರ ಸಂದರ್ಶನವಿತ್ತು. ಅಲ್ಲಿ ಲೇಖಕರಿಗೆ ತಮ್ಮ ಮಾತನ್ನು ನೋಡಿ ತಿದ್ದಲು ಕೊಡುವುದು ರೂಢಿ. ಸಂದರ್ಶನ ಇಬ್ಬರೂ ಸೇರಿ ಕಟ್ಟುವುದು ಎಂಬ ತಿಳಿವಳಿಕೆ ಅದರ ಹಿಂದಿದೆ. ಕಸುಬಿನ ಮಾತಿನಲ್ಲಿ ಯಾರನ್ನೂ ಸಿಕ್ಕಿಹಾಕಿಸುವ ಉದ್ದೇಶವಿಲ್ಲ, ಆದ್ದರಿಂದ ತಿದ್ದುವುದರಲ್ಲಿ ದೋಷವಿಲ್ಲ. ರಾಜಕಾರಣಿಯ ಸಂದರ್ಶನದ ಮಾತೇ ಬೇರೆ.

ನಿಮ್ಮಲ್ಲಿ ಕೆಟ್ಟದ್ದು ಒಪ್ಪಂದ ಮೊದಲೇ ಆಗದ್ದರಿಂದ. ಕೂರುವ ಮುಂಚೆಯೇ ಹೇಳಿ: ಇಸವಿ, ಹೆಸರು ತಪ್ಪಿದ್ದರೆ ತಿದ್ದಿ, ಪ್ರಕಟವಾಗುವುದು ಬೇಡ ಅನ್ನಿಸಿದ್ದನ್ನು ತೆಗೆಯಿರಿ, ಬಿಟ್ಟುಹೋದದ್ದಿದ್ದರೆ ಸೇರಿಸಿ, ವಾಕ್ಯದ ಧಾಟಿ ಮಾತ್ರ ಆಡಿದ ಹಾಗೇ ಇರಲಿ. ಒಂದು ವಾರದ ಗಡುವು ಕೊಡಿ. ವರ್ಡ್ ಕಡತ ಕಳಿಸಬೇಡಿ, ಪಿ.ಡಿ.ಎಫ್. ಕಳಿಸಿ ಅಥವಾ ಸಾಲುಗಳ ನಡುವೆ ಜಾಗ ಬಿಟ್ಟು ಮುದ್ರಿಸಿದ ಹಾಳೆ ಕೊಡಿ. ಕರ್ಸರ್ ಸಿಕ್ಕರೆ ಬರಹಗಾರರ ಕೈ ಸುಮ್ಮನಿರುವುದಿಲ್ಲ. ಪೆನ್ನಿನಲ್ಲಾದರೆ ಬೇಕಾದಷ್ಟನ್ನೇ ತಿದ್ದುತ್ತಾರೆ.

ಈಗ ಬಂದಿರುವುದನ್ನು ಏನು ಮಾಡುವುದು? ನಿಮ್ಮ ಪಾಠ, ಅವರ ಪಾಠ ಪಕ್ಕಪಕ್ಕ ಇಟ್ಟು ಪ್ರಶ್ನೆ ಪ್ರಶ್ನೆಯಾಗಿ ನೋಡಿ. ಕೆಲವು ಕಡೆ ಅವರದೇ ಮೇಲಾಗಿರುತ್ತದೆ, ಒಪ್ಪಿಕೊಳ್ಳಿ. ಉದ್ದ ಪ್ರಬಂಧವಾದ ಕಡೆ ನಡುವೆ ಒಂದು ಸಣ್ಣ ಪ್ರಶ್ನೆ ಸೇರಿಸಿ ಮುರಿಯಬಹುದು, ಅವರಿಗೆ ಹೇಳಿ. ಎರಡು ಮೂರು ಜಾಗಕ್ಕೆ ಮಾತ್ರ ಫೋನ್ ಮಾಡಿ ‘ಟೇಪಿನಲ್ಲಿ ಇದನ್ನು ಇನ್ನೂ ಚೆನ್ನಾಗಿ ಹೇಳಿದ್ದೀರಿ’ ಎಂದು ಓದಿ ತೋರಿಸಿ. ಸಾಮಾನ್ಯವಾಗಿ ಒಪ್ಪುತ್ತಾರೆ. ತಮ್ಮದೇ ಒಳ್ಳೆಯ ವಾಕ್ಯವನ್ನು ಬೇಡ ಅನ್ನುವವರು ಕಡಿಮೆ.

ಸಂದರ್ಶನಗಳಲ್ಲಿ ಲೇಖಕರು ದಿನಕ್ಕೆ ಇಂತಿಷ್ಟು ಪುಟ, ಇಷ್ಟು ಸಲ ತಿದ್ದುತ್ತೇನೆ ಎಂದು ಹೇಳುವುದನ್ನು ನಂಬಬಹುದೇ? ನಾನೂ ಹಾಗೇ ಮಾಡಿದರೆ ಕಾದಂಬರಿ ಮುಗಿಯುತ್ತದೆಯೇ?
– ಹೊಸ ಬರಹಗಾರ, ಬೆಂಗಳೂರು

ಒಂದು ಪ್ರಸಿದ್ಧ ಉದಾಹರಣೆ ಇದೆ. ಅಮೆರಿಕದ ಹೆಮಿಂಗ್ವೇ ಮೇಲೆ ಹೇಳಿದ ಪತ್ರಿಕೆಯ 1958ರ ಸಂದರ್ಶನದಲ್ಲಿ ‘ಎ ಫೇರ್‌ವೆಲ್ ಟು ಆರ್ಮ್ಸ್’ ಕಾದಂಬರಿಯ ಕೊನೆಯ ಪುಟವನ್ನು 39 ಸಲ ತಿದ್ದಿ ಬರೆದೆ ಎಂದರು. ಆ ಸಂಖ್ಯೆ ಬಹಳ ಕಾಲ ಎಲ್ಲರ ಬಾಯಲ್ಲಿತ್ತು. ಅವರ ಹಸ್ತಪ್ರತಿಗಳಲ್ಲಿ ಸಿಕ್ಕ ಬೇರೆ ಬೇರೆ ಕೊನೆಗಳನ್ನು ಸೇರಿಸಿ 2012ರಲ್ಲಿ ಆ ಕಾದಂಬರಿಯ ಹೊಸ ಆವೃತ್ತಿ ಬಂದಾಗ ಅಲ್ಲಿದ್ದದ್ದು 47. ಹೆಮಿಂಗ್ವೇ ಸುಳ್ಳು ಹೇಳಿದರು ಎಂದಲ್ಲ. ಪುಸ್ತಕ ಬಂದದ್ದು 1929ರಲ್ಲಿ, ಮಾತಾಡಿದ್ದು ಸುಮಾರು ಮೂವತ್ತು ವರ್ಷದ ಮೇಲೆ. ಯಾವುದನ್ನು ಒಂದು ಸಲ ಎಂದು ಎಣಿಸಬೇಕು ಎಂಬುದೂ ತಕರಾರಿನ ವಿಷಯ. ಲೇಖಕರ ನೆನಪನ್ನು ಗೌರವದಿಂದ ಕೇಳಿ, ಲೆಕ್ಕಪತ್ರ ಎಂದು ತಿಳಿಯಬೇಡಿ.

ಅಭ್ಯಾಸ ಎರವಲು ತರುವುದು ಇನ್ನೊಬ್ಬರ ಚಪ್ಪಲಿ ಹಾಕಿಕೊಂಡ ಹಾಗೆ. ಬೆಳಗಿನ ನಾಲ್ಕಕ್ಕೆ ಎದ್ದು ಬರೆಯುತ್ತೇನೆ ಎಂದವರಿಗೆ ಹಾಲು ತರುವವರು, ಮಕ್ಕಳನ್ನು ಶಾಲೆಗೆ ಹೊರಡಿಸುವವರು ಮನೆಯಲ್ಲಿ ಬೇರೆ ಯಾರೋ ಇರುತ್ತಾರೆ. ಅದು ಸಂದರ್ಶನದಲ್ಲಿ ಬರುವುದಿಲ್ಲ. ಎಷ್ಟು ತಿದ್ದಿದರು ಎಂಬುದಕ್ಕಿಂತ ಏನು ಕಂಡು ತಿದ್ದಿದರು ಎಂಬುದನ್ನು ಹುಡುಕಿ ಓದಿ. ಮೇಲಿನ ಹುಬ್ಬಳ್ಳಿಯ ಮಗನ ತೊಡಕು ನಿಮ್ಮ ಕರಡಿನಲ್ಲೂ ಇದೆಯೇ ಎಂದು ಇವತ್ತು ಸಂಜೆಯೇ ನೋಡಬಹುದು: ನಿರೂಪಕರಿಗೆ ತಿಳಿಯಲು ದಾರಿಯೇ ಇಲ್ಲದ ಪ್ರತಿ ವಾಕ್ಯಕ್ಕೂ ಕೆಂಪು ಗೆರೆ ಎಳೆಯುತ್ತಾ ಹೋಗಿ.

ನಮ್ಮ ಕನ್ನಡ ಕೂಟದಿಂದ ಕನ್ನಡದ ಲೇಖಕಿ ಮತ್ತು ಅವರ ಅನುವಾದಕಿ ಇಬ್ಬರನ್ನೂ ಝೂಮ್‌ನಲ್ಲಿ ಒಟ್ಟಿಗೆ ಮಾತಾಡಿಸುವ ಯೋಚನೆ ಇದೆ. ಏನು ಗಮನಿಸಬೇಕು?
– ಸಾಫ್ಟ್‌ವೇರ್ ಉದ್ಯೋಗಿ, ನ್ಯೂಜೆರ್ಸಿ

ಈ ಯೋಚನೆಗೆ ಒಳ್ಳೆಯ ಕಾಲ. ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಅನುವಾದಕರನ್ನೂ ವೇದಿಕೆಗೆ ಕರೆಯುವುದು ಹೆಚ್ಚಾಗಿದೆ. ಆ ಬಹುಮಾನದ 50,000 ಪೌಂಡನ್ನು ಲೇಖಕರಿಗೂ ಅನುವಾದಕರಿಗೂ ಸಮನಾಗಿ ಹಂಚುತ್ತಾರೆ. ನಿಮ್ಮ ಪ್ರಶ್ನೆಗಳನ್ನೂ ಹಾಗೇ ಹಂಚಿ. ಮುಕ್ಕಾಲು ಗಂಟೆ ಲೇಖಕಿಯ ಬದುಕು ಕೇಳಿ, ಕೊನೆಗೆ ಅನುವಾದಕಿಗೆ ‘ಕಷ್ಟ ಆಯ್ತಾ ಮೇಡಂ’ ಅನ್ನುವ ಗೋಷ್ಠಿಗಳು ಈಗಲೂ ಇವೆ.

ಕೆಲಸ ಮಾಡುವ ವಿಧಾನ ಒಂದೇ: ಒಂದು ಪ್ಯಾರಾ ಆರಿಸಿ. ಸುಮಾರು 150 ಪದ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಪರದೆಯ ಮೇಲೆ ಎರಡನ್ನೂ ತೋರಿಸಿ. ಇಬ್ಬರಿಂದಲೂ ಓದಿಸಿ, ಆಮೇಲೆ ಸಾಲು ಸಾಲಾಗಿ ಕೇಳಿ. ‘ಅವರು ಬಂದರು’ ಎಂಬ ಗೌರವ ಇಂಗ್ಲಿಷಿನಲ್ಲಿ ಎಲ್ಲಿ ಹೋಯಿತು? ‘ಅಯ್ಯೋ’, ‘ರೀ’, ‘ಕಣೇ’ ಹಾಗೇ ಉಳಿದವೇ? ಕನ್ನಡದ ಪದ ಹಾಗೇ ಬಂದ ಕಡೆ ಓರೆ ಅಕ್ಷರ ಹಾಕಿದ್ದಾರೆಯೇ, ಅಡಿಟಿಪ್ಪಣಿ ಕೊಟ್ಟಿದ್ದಾರೆಯೇ? ‘ಹಾರ್ಟ್ ಲ್ಯಾಂಪ್’ನಲ್ಲಿ ದೀಪಾ ಭಾಸ್ತಿ ಎರಡನ್ನೂ ಬೇಡವೆಂದು ಬಿಟ್ಟರು. ನಿಮ್ಮ ಅನುವಾದಕಿ ಬೇರೆ ದಾರಿ ಹಿಡಿದಿದ್ದರೆ ಅವರಿಗೂ ಕಾರಣ ಇರುತ್ತದೆ. ಲೇಖಕಿಗೂ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಅನುವಾದಕಿ ಕೇಳಿದ ಯಾವ ಅನುಮಾನದಿಂದ ನಿಮ್ಮ ಮೂಲದಲ್ಲೇ ತೊಡಕು ಇರುವುದು ಕಂಡಿತು?

ಝೂಮ್‌ನಲ್ಲಿ ಕಂಪ್ಯೂಟರಿಗೇ ರೆಕಾರ್ಡ್ ಮಾಡುವಾಗ ಪ್ರತಿಯೊಬ್ಬರ ದನಿಗೂ ಬೇರೆ ಬೇರೆ ಕಡತ ಮಾಡುವ ಆಯ್ಕೆ ಸೆಟ್ಟಿಂಗಿನಲ್ಲಿದೆ, ಅದನ್ನು ಒತ್ತಿಡಿ. ಇಬ್ಬರು ಒಟ್ಟಿಗೆ ಮಾತಾಡಿದ್ದನ್ನು ಆಮೇಲೆ ಬಿಡಿಸಿಕೊಳ್ಳಬಹುದು. ಗಂಡಸರೂ ಹೆಂಗಸರೂ ‘ನಮಸ್ಕಾರ, ಕೇಳಿಸ್ತಾ ಇದೆಯಾ’ ಎಂದು ಹತ್ತು ನಿಮಿಷ ಕಳೆಯುವುದು ತಪ್ಪಬೇಕಾದರೆ ಹಿಂದಿನ ದಿನ ಐದು ನಿಮಿಷದ ಪರೀಕ್ಷೆ ಮಾಡಿ. ಹೊತ್ತು ಗೊತ್ತು ಮಾಡುವಾಗ ಎಚ್ಚರ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಭಾರತ ನಿಮಗಿಂತ ಒಂಬತ್ತೂವರೆ ಗಂಟೆ ಮುಂದೆ, ಉಳಿದ ತಿಂಗಳು ಹತ್ತೂವರೆ. ನಿಮ್ಮ ಶನಿವಾರ ಬೆಳಗಿನ ಒಂಬತ್ತು ಅವರಿಗೆ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಆಹ್ವಾನದಲ್ಲಿ ಎರಡೂ ಊರಿನ ಹೊತ್ತು ಬರೆಯಿರಿ.